ಟೆಸ್ಟ್ ಓಡುವ ಮೊದಲೇ ಜೆಸ್ಟ್ ನಿಂತರೆ: ಕಾನ್ಫಿಗರೇಷನ್ ದೋಷಗಳನ್ನು ಸರದಿಯಂತೆ ಬಿಡಿಸುವ ಬಗೆ

ಆ್ಯಪ್ ಬ್ರೌಸರ್‌ನಲ್ಲಿ ಸರಿಯಾಗಿ ತೆರೆಯುತ್ತದೆ. ಬಿಲ್ಡ್ ಕೂಡ ತಕರಾರಿಲ್ಲದೆ ಮುಗಿಯುತ್ತದೆ. ಆದರೆ ಜಾವಾಸ್ಕ್ರಿಪ್ಟ್ ಕೋಡಿನ ಟೆಸ್ಟ್‌ಗಳನ್ನು ಓಡಿಸುವ ಜೆಸ್ಟ್ ಎಂಬ ಸಲಕರಣೆಯನ್ನು ‘ಎನ್‌ಪಿಎಂ ಟೆಸ್ಟ್’ ಎಂದು ಕರೆದೊಡನೆ ಟರ್ಮಿನಲ್ ತುಂಬ ಕೆಂಪು ಅಕ್ಷರಗಳು. ಕೊನೆಯ ಸಾಲುಗಳನ್ನು ನೋಡಿದರೆ ಒಂದು ಸ್ಯೂಟ್ (ಅಂದರೆ ಒಂದು ಟೆಸ್ಟ್ ಫೈಲು) ಸೋತಿದೆ, ಟೆಸ್ಟ್‌ಗಳ ಒಟ್ಟು ಸಂಖ್ಯೆ ಮಾತ್ರ 0. ಮೇಲೆ ‘ಟೆಸ್ಟ್ ಸ್ಯೂಟ್ ಫೇಲ್ಡ್ ಟು ರನ್’ ಎಂಬ ಸಾಲಿದ್ದರೆ ತಪ್ಪು ನಿಮ್ಮ ಕಾಂಪೊನೆಂಟಿನಲ್ಲಿ ಇರುವ ಸಾಧ್ಯತೆ ಕಡಿಮೆ. ಟೆಸ್ಟ್ ಓಡಿಯೇ ಇಲ್ಲ.

ಇಲ್ಲಿ ಬಹಳ ಮಂದಿ ಎಡವುವುದು ಜ್ಞಾನದ ಕೊರತೆಯಿಂದಲ್ಲ, ಸರದಿ ತಪ್ಪುವುದರಿಂದ. ಎರರ್ ಸಂದೇಶವನ್ನು ಸರ್ಚ್‌ಗೆ ಹಾಕಿ, ಸಿಕ್ಕ ಐದಾರು ಉತ್ತರಗಳ ಸಾಲುಗಳನ್ನು ಒಟ್ಟಿಗೇ ಕಾನ್ಫಿಗ್ ಫೈಲಿಗೆ ಸುರಿಯುತ್ತಾರೆ. ಅವುಗಳಲ್ಲಿ ಒಂದು ಜೆಸ್ಟ್ 24ಕ್ಕೆ ಬರೆದದ್ದು, ಇನ್ನೊಂದು 27ಕ್ಕೆ. ನಿಮ್ಮಲ್ಲಿ ಇರುವುದು 29. ಒಂದೊಂದೂ ಅದರದರ ಕಾಲಕ್ಕೆ ಸರಿ, ಒಟ್ಟಿಗೆ ಸೇರಿದರೆ ಗೋಜಲು.

ಜೆಸ್ಟ್ ಒಂದು ನಿಶ್ಚಿತ ಕ್ರಮದಲ್ಲಿ ಕೆಲಸ ಮಾಡುತ್ತದೆ. ಮೊದಲು ಕಾನ್ಫಿಗ್ ಓದುತ್ತದೆ, ಟೆಸ್ಟ್ ಫೈಲುಗಳನ್ನು ಹುಡುಕುತ್ತದೆ, ಎನ್ವಿರಾನ್ಮೆಂಟ್ (ಟೆಸ್ಟ್ ಓಡುವ ವಾತಾವರಣ) ಕಟ್ಟುತ್ತದೆ, ಸೆಟಪ್ ಫೈಲು ಓಡಿಸುತ್ತದೆ, ಆಮೇಲೆ ಟೆಸ್ಟ್ ಫೈಲಿಗೆ ಕೈ ಹಾಕುತ್ತದೆ. ಯಾವ ಫೈಲನ್ನು ತೆರೆದರೂ ಅದನ್ನು ನೋಡ್‌ಗೆ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶಕ್ಕೆ) ಅರ್ಥವಾಗುವ ಕೋಡಿಗೆ ಪರಿವರ್ತಿಸಿ, ಅದರೊಳಗಿನ ಇಂಪೋರ್ಟ್‌ಗಳ ದಾರಿ ಹುಡುಕುತ್ತದೆ. ಎಲ್ಲಿ ನಿಂತಿದೆ ಎಂದು ಮೊದಲು ಗುರುತಿಸಿ, ಆ ಒಂದು ಹಂತವನ್ನಷ್ಟೇ ಸರಿಪಡಿಸಿ. ಎರರ್ ಸಂದೇಶ ಬದಲಾಯಿತೆಂದರೆ ಒಂದು ಹಂತ ದಾಟಿದ್ದೀರಿ ಎಂದೇ ಅರ್ಥ. ಹೊಸ ಎರರ್ ಕಂಡು ಗಾಬರಿಯಾಗಿ ಸರಿಯಾದ ತಿದ್ದುಪಡಿಯನ್ನೇ ಅಳಿಸಿಹಾಕುವವರು ಎಷ್ಟೋ ಮಂದಿ.

ಈ ಮಾರ್ಗದರ್ಶಿ ರಿಯಾಕ್ಟ್, ಆ ಪರಿವರ್ತನೆ ಮಾಡುವ ಬೇಬೆಲ್ ಮತ್ತು ಜೆಸ್ಟ್ 27ರಿಂದ ಈಚಿನ ಆವೃತ್ತಿಗಳನ್ನು ಗಮನದಲ್ಲಿ ಇಟ್ಟುಕೊಂಡದ್ದು. ಕಾನ್ಫಿಗ್ ಕೀಲಿಗಳ ಹೆಸರನ್ನು ಓದಲು ಅನುಕೂಲವಾಗಲೆಂದು ಬಿಡಿಸಿ ಬರೆದಿದ್ದೇನೆ. ಕೋಡಿನಲ್ಲಿ ಅವು ನಡುವೆ ಜಾಗವಿಲ್ಲದೆ ಒಂದೇ ಪದವಾಗಿ, ಎರಡನೆಯ ಪದದಿಂದ ದೊಡ್ಡಕ್ಷರದೊಂದಿಗೆ ಬರುತ್ತವೆ.

## ಹಂತ 1: ಕೈ ಹಾಕುವ ಮುನ್ನ

ಗಿಟ್‌ನಲ್ಲಿ ಈಗಿರುವ ಸ್ಥಿತಿಯನ್ನು ಕಮಿಟ್ ಮಾಡಿ, ಹೊಸ ಬ್ರಾಂಚ್ ತೆರೆಯಿರಿ. ಮಾಡಿದ ಪ್ರತಿಯೊಂದು ಬದಲಾವಣೆಯೂ ‘ಗಿಟ್ ಡಿಫ್’ನಲ್ಲಿ ಕಾಣಬೇಕು.

ನಂತರ ಆವೃತ್ತಿಗಳನ್ನು ಬರೆದುಕೊಳ್ಳಿ. ‘ನೋಡ್ -ವಿ’ ಒಂದು. ‘ಎನ್‌ಪಿಎಂ ಎಲ್‌ಎಸ್’ ಆಜ್ಞೆಯ ಮುಂದೆ ಜೆಸ್ಟ್, ಬೇಬೆಲ್-ಜೆಸ್ಟ್, ಟಿಎಸ್-ಜೆಸ್ಟ್, ಜೆಸ್ಟ್-ಎನ್ವಿರಾನ್ಮೆಂಟ್-ಜೆಎಸ್‌ಡಾಮ್ ಹೆಸರುಗಳನ್ನು ಕೊಟ್ಟು ನೋಡುವುದು ಇನ್ನೊಂದು. ನೋಡ್ ಬಿಟ್ಟು ಉಳಿದವುಗಳ ಆವೃತ್ತಿಯಲ್ಲಿ ಮೊದಲ ಚುಕ್ಕಿಗಿಂತ ಮುಂಚಿನ ಸಂಖ್ಯೆ ಒಂದೇ ಇರಬೇಕು. ಟಿಎಸ್-ಜೆಸ್ಟ್ ಮಾತ್ರ ಇದಕ್ಕೆ ಅಪವಾದ, ಅದರ 29.4 ಜೆಸ್ಟ್ 30ರ ಜೊತೆಗೂ ನಡೆಯುತ್ತದೆ. ಜೆಸ್ಟ್ 29 ಇದ್ದು ಬೇಬೆಲ್-ಜೆಸ್ಟ್ 26 ಇದ್ದರೆ ಮುಂದಿನ ಯಾವ ಹಂತವೂ ನೆಟ್ಟಗೆ ನಡೆಯುವುದಿಲ್ಲ. ಜೆಸ್ಟ್ 30 ಬಳಸುವುದಾದರೆ ನೋಡ್ ಕನಿಷ್ಠ 18 ಇರಬೇಕು.

ಟ್ರಾನ್ಸ್‌ಫಾರ್ಮರ್‌ನ (ಫೈಲುಗಳನ್ನು ಪರಿವರ್ತಿಸುವ ಕೋಡಿನ) ‘ಪ್ರೊಸೆಸ್’ ಫಂಕ್ಷನ್ ಆಬ್ಜೆಕ್ಟ್ ಹಿಂದಿರುಗಿಸಬೇಕು ಎಂಬ ದೂರು ಬಂದರೆ ಅದೂ ಆವೃತ್ತಿಯ ಜಗಳವೇ. ಜೆಸ್ಟ್ 28ರಿಂದ ಟ್ರಾನ್ಸ್‌ಫಾರ್ಮರ್‌ಗಳು ಬರೀ ಸ್ಟ್ರಿಂಗ್ ಕೊಟ್ಟರೆ ಸಾಲದು, ‘ಕೋಡ್’ ಎಂಬ ಕೀಲಿ ಇರುವ ಆಬ್ಜೆಕ್ಟ್ ಕೊಡಬೇಕು. ಎಸ್‌ವಿಜಿ ಚಿತ್ರಗಳಿಗೆಂದು ಯಾವುದೋ ಕಾಲದಲ್ಲಿ ನಕಲು ಮಾಡಿಟ್ಟ ಹತ್ತು ಸಾಲಿನ ಫೈಲು ಸಾಮಾನ್ಯವಾಗಿ ಇಲ್ಲಿ ಸಿಕ್ಕಿಬೀಳುತ್ತದೆ.

ಕೊನೆಯದಾಗಿ ಒಂದು ತಪಾಸಣೆ ಟೆಸ್ಟ್ ಬರೆಯಿರಿ. ಸೋರ್ಸ್ ಫೋಲ್ಡರಿನಲ್ಲಿ ಒಂದು ಹೊಸ ಟೆಸ್ಟ್ ಫೈಲು. ಅದರಲ್ಲಿ ಯಾವ ಇಂಪೋರ್ಟೂ ಇಲ್ಲ, ಒಂದಕ್ಕೆ ಒಂದು ಕೂಡಿದರೆ ಎರಡು ಎಂಬುದಷ್ಟೇ. ಮುಂದಿನ ಹಂತಗಳಲ್ಲಿ ಇದಕ್ಕೆ ಒಂದೊಂದೇ ಸಾಲು ಸೇರಿಸುತ್ತೇವೆ. ನೂರಿನ್ನೂರು ಟೆಸ್ಟ್‌ಗಳ ಗದ್ದಲದಲ್ಲಿ ದೋಷ ಹುಡುಕುವುದಕ್ಕಿಂತ ಈ ಒಂದೇ ಫೈಲನ್ನು ‘--ರನ್‌ಇನ್‌ಬ್ಯಾಂಡ್’ ಆಯ್ಕೆಯೊಂದಿಗೆ ಓಡಿಸುವುದು ವೇಗವೂ ಹೌದು, ಎರರ್ ಓದುವುದಕ್ಕೆ ಸಲೀಸೂ ಹೌದು.

ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವ ಚಪಲವನ್ನು ಸದ್ಯಕ್ಕೆ ತಡೆದುಕೊಳ್ಳಿ. ಕಾಲಿಗೆ ಮುಳ್ಳು ಚುಚ್ಚಿದರೆ ತಲೆಗೆ ಎಣ್ಣೆ ಹಚ್ಚಿದಂತೆ ಅದು. ಲಾಕ್ ಫೈಲನ್ನೂ ಜೊತೆಗೆ ಅಳಿಸಿದರಂತೂ ಹತ್ತಾರು ಪ್ಯಾಕೇಜುಗಳ ಆವೃತ್ತಿ ಒಮ್ಮೆಗೇ ಬದಲಾಗಿ, ಮೊದಲಿನ ಸಮಸ್ಯೆಯ ಮೇಲೆ ಹೊಸದೊಂದು ಕೂರುತ್ತದೆ.

## ಹಂತ 2: ಜೆಸ್ಟ್ ಓದುತ್ತಿರುವುದು ಯಾವ ಕಾನ್ಫಿಗ್?

ನೀವು ತಿದ್ದುತ್ತಿರುವ ಫೈಲನ್ನೇ ಜೆಸ್ಟ್ ಓದುತ್ತಿದೆ ಎಂದು ನಂಬಬೇಡಿ, ಕೇಳಿ ನೋಡಿ. ‘--ಶೋಕಾನ್ಫಿಗ್’ ಆಯ್ಕೆ ಕೊಟ್ಟರೆ ಎಲ್ಲ ಡೀಫಾಲ್ಟ್‌ಗಳೂ ಸೇರಿದ ಅಂತಿಮ ಕಾನ್ಫಿಗ್ ಮುದ್ರಣವಾಗುತ್ತದೆ. ಅದನ್ನು ಒಂದು ಫೈಲಿಗೆ ಉಳಿಸಿಕೊಂಡು ‘ರೂಟ್ ಡಿರ್’, ‘ಟೆಸ್ಟ್ ಎನ್ವಿರಾನ್ಮೆಂಟ್’, ‘ಟ್ರಾನ್ಸ್‌ಫಾರ್ಮ್’, ‘ಮಾಡ್ಯೂಲ್ ನೇಮ್ ಮ್ಯಾಪರ್’ ಈ ನಾಲ್ಕನ್ನು ನೋಡಿ. ನೀವು ಬರೆದದ್ದು ಅಲ್ಲಿ ಕಾಣಿಸದಿದ್ದರೆ ಬೇರೆ ಯಾವುದನ್ನು ತಿದ್ದಿದರೂ ಫಲವಿಲ್ಲ.

ಕಾಣಿಸದಿರಲು ಕಾರಣಗಳು ಕೆಲವೇ. ಪ್ಯಾಕೇಜ್.ಜೇಸನ್ ಒಳಗೆ ‘ಜೆಸ್ಟ್’ ಎಂಬ ಕೀಲಿಯೂ ಇದೆ, ಹೊರಗೆ ಜೆಸ್ಟ್ ಕಾನ್ಫಿಗ್ ಫೈಲೂ ಇದೆ, ಒಂದನ್ನು ತೆಗೆಯಿರಿ. ಪ್ರಾಜೆಕ್ಟ್ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಿಂದ ಹುಟ್ಟಿದ್ದರೆ ‘ರಿಯಾಕ್ಟ್-ಸ್ಕ್ರಿಪ್ಟ್ಸ್ ಟೆಸ್ಟ್’ ಹೊರಗಿನ ಜೆಸ್ಟ್ ಕಾನ್ಫಿಗ್ ಫೈಲನ್ನು ಓದುವುದೇ ಇಲ್ಲ, ಪ್ಯಾಕೇಜ್.ಜೇಸನ್‌ನಲ್ಲಿರುವ ಕೀಲಿಗಳಲ್ಲೂ ಕೆಲವನ್ನಷ್ಟೇ ಒಪ್ಪಿಕೊಳ್ಳುತ್ತದೆ. ಕಾನ್ಫಿಗ್ ಫೈಲನ್ನು ಅಚ್ಚುಕಟ್ಟಿಗೆಂದು ‘ಕಾನ್ಫಿಗ್’ ಎಂಬ ಉಪಫೋಲ್ಡರಿಗೆ ಸರಿಸಿದ್ದರೆ ‘ರೂಟ್ ಡಿರ್’ ಕೂಡ ಅದೇ ಫೋಲ್ಡರ್ ಆಗಿಬಿಡುತ್ತದೆ. ಆಗ ಅದನ್ನು ಒಂದು ಹೆಜ್ಜೆ ಮೇಲಕ್ಕೆ ತೋರಿಸಬೇಕು.

‘ಮಾಡ್ಯೂಲ್ ಈಸ್ ನಾಟ್ ಡಿಫೈನ್ಡ್ ಇನ್ ಇಎಸ್ ಮಾಡ್ಯೂಲ್ ಸ್ಕೋಪ್’ ಎಂದರೆ ಪ್ಯಾಕೇಜ್.ಜೇಸನ್‌ನಲ್ಲಿ ‘ಟೈಪ್’ ಕೀಲಿಗೆ ‘ಮಾಡ್ಯೂಲ್’ ಎಂದಿದೆ, ನಿಮ್ಮ ಕಾನ್ಫಿಗ್ ಮಾತ್ರ ಹಳೆಯ ‘ಮಾಡ್ಯೂಲ್.ಎಕ್ಸ್‌ಪೋರ್ಟ್ಸ್’ ಶೈಲಿಯಲ್ಲಿದೆ. ಕಾನ್ಫಿಗ್ ಫೈಲಿನ ವಿಸ್ತರಣೆಯನ್ನು ‘.ಸಿಜೆಎಸ್’ ಎಂದು ಬದಲಿಸಿದರೆ ಸಾಕು. ಬೇಬೆಲ್ ಕಾನ್ಫಿಗ್‌ಗೂ ಇದೇ ಮದ್ದು.

ಎಚ್ಚರಿಕೆಯ ಚಿಹ್ನೆ: ಹಳದಿ ಬಣ್ಣದ ‘ವ್ಯಾಲಿಡೇಷನ್ ವಾರ್ನಿಂಗ್: ಅನ್‌ನೋನ್ ಆಪ್ಷನ್’. ಕೀಲಿಯ ಹೆಸರಿನಲ್ಲಿ ಕಾಗುಣಿತ ತಪ್ಪಿದ್ದರೆ ಜೆಸ್ಟ್ ನಿಲ್ಲುವುದಿಲ್ಲ; ಈ ಒಂದು ಎಚ್ಚರಿಕೆ ಕೊಟ್ಟು ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಕೆಂಪು ಅಕ್ಷರಗಳ ನಡುವೆ ಅದು ಮೇಲಕ್ಕೆ ಸರಿದು ಕಣ್ಮರೆಯಾಗಿರುತ್ತದೆ. ಟರ್ಮಿನಲ್ ಅನ್ನು ಪೂರ್ತಿ ಮೇಲಕ್ಕೆ ಸರಿಸಿ ಮೊದಲ ಸಾಲಿನಿಂದ ಓದಿ. ಅತಿ ಹೆಚ್ಚು ತಪ್ಪಾಗುವ ಹೆಸರು ‘ಸೆಟಪ್ ಫೈಲ್ಸ್ ಆಫ್ಟರ್ ಎನ್ವ್’. ಕೊನೆಯ ಪದವನ್ನು ‘ಎನ್ವಿರಾನ್ಮೆಂಟ್’ ಎಂದು ಪೂರ್ತಿ ಬರೆದರೆ ಅದು ಬೇರೆಯೇ ಕೀಲಿ.

## ಹಂತ 3: ಟೆಸ್ಟ್ ಫೈಲುಗಳು ಸಿಗುತ್ತಿವೆಯೇ?

‘ನೋ ಟೆಸ್ಟ್ಸ್ ಫೌಂಡ್’ ಎಂದರೆ ಅದೇ ಸಂದೇಶದ ಕೆಳಗೆ ಯಾವ ಮಾದರಿಗೆ ಎಷ್ಟು ಫೈಲು ಹೊಂದಿದವು ಎಂಬ ಲೆಕ್ಕವೂ ಇರುತ್ತದೆ. ‘ಟೆಸ್ಟ್ ಮ್ಯಾಚ್’ ಮುಂದೆ 0 ಇದ್ದರೆ ಫೈಲಿನ ಹೆಸರೇ ತಪ್ಪು: ಡೀಫಾಲ್ಟ್ ಆಗಿ ಜೆಸ್ಟ್ ಹುಡುಕುವುದು ‘.ಟೆಸ್ಟ್’ ಅಥವಾ ‘.ಸ್ಪೆಕ್’ ನಡುಹೆಸರಿನ ಫೈಲುಗಳನ್ನು ಮತ್ತು ‘__ಟೆಸ್ಟ್ಸ್__’ ಫೋಲ್ಡರಿನೊಳಗಿನವುಗಳನ್ನು. ‘ಟೆಸ್ಟ್ ಮ್ಯಾಚ್’ ಮತ್ತು ‘ಟೆಸ್ಟ್ ರೆಜೆಕ್ಸ್’ ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ.

ಕಡೆಗಣಿಸುವ ಮಾದರಿಗಳು ಪೂರ್ಣ ಪಥದ ಮೇಲೆ ಕೆಲಸ ಮಾಡುತ್ತವೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ‘ಟೆಸ್ಟ್ ಪಾತ್ ಇಗ್ನೋರ್ ಪ್ಯಾಟರ್ನ್ಸ್’ನಲ್ಲಿ ಬರೀ ‘/ಬಿಲ್ಡ್/’ ಎಂದು ಬರೆದಿದ್ದೀರಿ, ಸಿಐ ಸರ್ವರ್ (ಕೋಡ್ ಸೇರಿದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಯಂತ್ರ) ನಿಮ್ಮ ಕೋಡನ್ನು ‘ಬಿಲ್ಡ್’ ಎಂಬ ಫೋಲ್ಡರಿನೊಳಗೆ ಇಳಿಸಿಕೊಳ್ಳುತ್ತದೆ ಎಂದುಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ, ಅಲ್ಲಿ ಒಂದು ಟೆಸ್ಟೂ ಇಲ್ಲ. ಮಾದರಿಯ ಮೊದಲಿಗೆ ‘<ರೂಟ್‌ಡಿರ್>’ ಸೇರಿಸಿ. ‘--ಪಾಸ್‌ವಿತ್‌ನೋಟೆಸ್ಟ್ಸ್’ ಕೊಟ್ಟು ಬಾಯಿ ಮುಚ್ಚಿಸುವುದು ಪರಿಹಾರವಲ್ಲ.

ಜೆಸ್ಟ್ 30ಕ್ಕೆ ಏರಿದ ಮೇಲೆ ಹಳೆಯ ಸ್ಕ್ರಿಪ್ಟ್ ಮುರಿದಿದ್ದರೆ ‘--ಟೆಸ್ಟ್‌ಪಾತ್‌ಪ್ಯಾಟರ್ನ್’ ಆಯ್ಕೆಯನ್ನು ನೋಡಿ. ಅದೀಗ ಕೊನೆಯಲ್ಲಿ ಬಹುವಚನದ ‘ಸ್’ ಪಡೆದಿದೆ.

## ಹಂತ 4: ಬ್ರೌಸರ್ ವಾತಾವರಣ

ತಪಾಸಣೆ ಟೆಸ್ಟ್‌ಗೆ ಒಂದು ಸಾಲು ಸೇರಿಸಿ: ‘ಡಾಕ್ಯುಮೆಂಟ್’ ಬಳಸಿ ಒಂದು ಡಿವ್ ಸೃಷ್ಟಿಸಿ. ‘ಡಾಕ್ಯುಮೆಂಟ್ ಈಸ್ ನಾಟ್ ಡಿಫೈನ್ಡ್’ ಎಂದು ಬಂದರೆ ಎನ್ವಿರಾನ್ಮೆಂಟ್ ‘ನೋಡ್’ ಆಗಿದೆ.

2021ರಲ್ಲಿ ಬಂದ ಜೆಸ್ಟ್ 27ರಿಂದ ಡೀಫಾಲ್ಟ್ ಎನ್ವಿರಾನ್ಮೆಂಟ್ ಬ್ರೌಸರನ್ನು ಅನುಕರಿಸುವ ಜೆಎಸ್‌ಡಾಮ್ ಅಲ್ಲ, ನೋಡ್. 2022ರ 28ನೆಯ ಆವೃತ್ತಿಯಿಂದ ಜೆಎಸ್‌ಡಾಮ್ ಎನ್ವಿರಾನ್ಮೆಂಟ್ ಜೆಸ್ಟ್ ಜೊತೆಗೆ ಬರುವುದೂ ನಿಂತಿತು. ಹಾಗಾಗಿ ಈಗ ಎರಡು ಕೆಲಸ: ಜೆಸ್ಟ್-ಎನ್ವಿರಾನ್ಮೆಂಟ್-ಜೆಎಸ್‌ಡಾಮ್ ಪ್ಯಾಕೇಜನ್ನು ಜೆಸ್ಟ್‌ನದ್ದೇ ಆವೃತ್ತಿಯಲ್ಲಿ ಇನ್‌ಸ್ಟಾಲ್ ಮಾಡಬೇಕು, ಕಾನ್ಫಿಗ್‌ನಲ್ಲಿ ‘ಟೆಸ್ಟ್ ಎನ್ವಿರಾನ್ಮೆಂಟ್’ಗೆ ‘ಜೆಎಸ್‌ಡಾಮ್’ ಎನ್ನಬೇಕು. ಬರೀ ‘ಜೆಎಸ್‌ಡಾಮ್’ ಪ್ಯಾಕೇಜ್ ಹಾಕಿಕೊಂಡರೆ ಆಗದು. ಅದು ಒಳಗಿನ ಲೈಬ್ರರಿ, ಜೆಸ್ಟ್‌ಗೆ ಬೇಕಾದದ್ದು ಅದರ ಮೇಲಿನ ಹೊದಿಕೆ.

ಕೆಲವೇ ಫೈಲುಗಳಿಗೆ ಬ್ರೌಸರ್ ಬೇಕಿದ್ದರೆ ಫೈಲಿನ ಆರಂಭದಲ್ಲಿ ಡಾಕ್‌ಬ್ಲಾಕ್ ಕಾಮೆಂಟಾಗಿ (‘/**’ ಮತ್ತು ‘*/’ ನಡುವೆ) ‘@ಜೆಸ್ಟ್-ಎನ್ವಿರಾನ್ಮೆಂಟ್ ಜೆಎಸ್‌ಡಾಮ್’ ಎಂದು ಬರೆಯಬಹುದು. ಅದು ಎಲ್ಲಕ್ಕಿಂತ ಮೇಲಿರಬೇಕು. ಇಂಪೋರ್ಟ್ ಸಾಲುಗಳ ಕೆಳಗೆ ಬರೆದರೆ ಅದು ಬರೀ ಕಾಮೆಂಟ್.

## ಹಂತ 5: ನಿಮ್ಮ ಸ್ವಂತ ಕೋಡಿನ ಪರಿವರ್ತನೆ

ಈಗ ತಪಾಸಣೆ ಟೆಸ್ಟ್‌ಗೆ ಅತ್ಯಂತ ಸರಳವಾದ ಒಂದು ಕಾಂಪೊನೆಂಟ್ ಇಂಪೋರ್ಟ್ ಮಾಡಿ. ಸಿಎಸ್‌ಎಸ್ ಇಲ್ಲದ್ದು, ಅಡ್ಡಹೆಸರಿನ ಪಥ (‘@/’ನಂಥ ಚುಟುಕು ಗುರುತಿನಿಂದ ಶುರುವಾಗುವ ಇಂಪೋರ್ಟ್) ಇಲ್ಲದ್ದು, ಹೊರಗಿನ ಪ್ಯಾಕೇಜ್ ಇಲ್ಲದ್ದು. ‘ಜೆಸ್ಟ್ ಎನ್‌ಕೌಂಟರ್ಡ್ ಎನ್ ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಅಥವಾ ‘ಕೆನಾಟ್ ಯೂಸ್ ಇಂಪೋರ್ಟ್ ಸ್ಟೇಟ್‌ಮೆಂಟ್ ಔಟ್‌ಸೈಡ್ ಎ ಮಾಡ್ಯೂಲ್’ ಬಂದರೆ, ಆ ಉದ್ದ ಸಲಹೆಯ ಕೆಳಗಿನ ‘ಡೀಟೇಲ್ಸ್’ ಭಾಗದಲ್ಲಿರುವ ಫೈಲಿನ ಪಥವನ್ನು ಓದಿ. ಪಥ ನಿಮ್ಮ ಸೋರ್ಸ್ ಫೋಲ್ಡರಿನದಾದರೆ ಈ ಹಂತ. ನೋಡ್ ಮಾಡ್ಯೂಲ್ಸ್‌ನದಾದರೆ ನೇರ 7ನೆಯ ಹಂತಕ್ಕೆ ಹೋಗಿ. ಎರಡಕ್ಕೂ ಸಂದೇಶ ಒಂದೇ, ಚಿಕಿತ್ಸೆ ಬೇರೆ ಬೇರೆ. ಈ ಪಥವನ್ನು ಓದದೆ ಮುಂದುವರಿಯುವುದೇ ಹೆಚ್ಚಿನವರ ದಾರಿ ತಪ್ಪುವ ಜಾಗ.

ಆ್ಯಪ್ ಬಿಲ್ಡ್ ಆಗುವುದಕ್ಕೂ ಜೆಸ್ಟ್ ಓಡುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಿ. ವೀಟ್ ಎಂಬ ಬಿಲ್ಡ್ ಸಲಕರಣೆ ಬಳಸುವ ಪ್ರಾಜೆಕ್ಟಿನಲ್ಲಿ ಬೇಬೆಲ್ ಕಾನ್ಫಿಗ್ ಇಲ್ಲದೆಯೂ ಬಿಲ್ಡ್ ಆಗುತ್ತದೆ. ಜೆಸ್ಟ್‌ಗೆ ಆ ವ್ಯವಸ್ಥೆಯ ಗಂಧಗಾಳಿ ಇಲ್ಲ. ಅದಕ್ಕೆ ಬೇಬೆಲ್ ಕಾನ್ಫಿಗ್, ಅದರಲ್ಲಿ ಪ್ರೀಸೆಟ್-ಎನ್ವ್ ಮತ್ತು ಪ್ರೀಸೆಟ್-ರಿಯಾಕ್ಟ್, ಟೈಪ್‌ಸ್ಕ್ರಿಪ್ಟ್ ಇದ್ದರೆ ಪ್ರೀಸೆಟ್-ಟೈಪ್‌ಸ್ಕ್ರಿಪ್ಟ್ ಬೇಕು. ಪ್ರೀಸೆಟ್-ಎನ್ವ್‌ಗೆ ಗುರಿಯಾಗಿ ಈಗಿನ ನೋಡ್ ಆವೃತ್ತಿಯನ್ನು ಕೊಡಿ. ಅಂದ ಹಾಗೆ, ವೀಟ್ ಪ್ರಾಜೆಕ್ಟಿನಲ್ಲಿ ‘ಇಂಪೋರ್ಟ್.ಮೆಟಾ’ ವಿಷಯಕ್ಕೆ ಜೆಸ್ಟ್ ಜೊತೆ ಗುದ್ದಾಡುತ್ತಿದ್ದರೆ ಆ ಹೋರಾಟವನ್ನು ಬಿಟ್ಟು, ವೀಟ್ ಜೊತೆ ಹೊಂದುವ ಟೆಸ್ಟ್ ಸಲಕರಣೆಯಾದ ವೀಟೆಸ್ಟ್‌ಗೆ ಹೋಗುವುದೇ ಲೇಸು.

ಕಾನ್ಫಿಗ್ ಇದ್ದೂ ದೋಷ ಬರುತ್ತಿದ್ದರೆ ಪ್ರೀಸೆಟ್-ಎನ್ವ್‌ನ ಆಯ್ಕೆಗಳಲ್ಲಿ ‘ಮಾಡ್ಯೂಲ್ಸ್’ ಕೀಲಿಗೆ ‘ಫಾಲ್ಸ್’ ಇದೆಯೇ ನೋಡಿ. ವೆಬ್‌ಪ್ಯಾಕ್ ಬಳಕೆಯಾಗದ ಕೋಡನ್ನು ಉದುರಿಸಲೆಂದು ಯಾರೋ ಅದನ್ನು ಹಾಕಿರುತ್ತಾರೆ. ಆಗ ಬೇಬೆಲ್ ಇಂಪೋರ್ಟ್ ಸಾಲುಗಳನ್ನು ಮುಟ್ಟುವುದಿಲ್ಲ, ಜೆಸ್ಟ್‌ಗೆ ಅವು ಹಸಿಹಸಿಯಾಗಿಯೇ ತಲುಪುತ್ತವೆ. ಆ ಸಾಲನ್ನು ಅಳಿಸಿದರೆ ಬೇಬೆಲ್ ತನ್ನನ್ನು ಕರೆದವರು ಯಾರೆಂದು ನೋಡಿ ತಾನೇ ನಿರ್ಧರಿಸುತ್ತದೆ. ಬೇಡವೆಂದರೆ ‘ಎನ್ವ್’ ಕೀಲಿಯೊಳಗೆ ‘ಟೆಸ್ಟ್’ ವಿಭಾಗ ಮಾಡಿ ಬೇರೆ ಆಯ್ಕೆ ಕೊಡಿ. ‘ನೋಡ್_ಎನ್ವ್’ ಖಾಲಿಯಿದ್ದಾಗ ಜೆಸ್ಟ್ ಅದಕ್ಕೆ ‘ಟೆಸ್ಟ್’ ಎಂಬ ಬೆಲೆ ತುಂಬುತ್ತದೆ. ಖಾಲಿಯಿಲ್ಲದಿದ್ದರೆ ತುಂಬುವುದಿಲ್ಲ.

ಇನ್ನೊಂದು ಮಾಮೂಲಿ ತಪ್ಪು ‘ಟ್ರಾನ್ಸ್‌ಫಾರ್ಮ್’ ಕೀಲಿಯದು. ಬೇಬೆಲ್-ಜೆಸ್ಟ್ ತಾನಾಗಿಯೇ ಜೋಡಣೆಯಾಗಿರುವುದು ಈ ಕೀಲಿಯನ್ನು ನೀವು ಮುಟ್ಟುವವರೆಗೆ ಮಾತ್ರ. ಎಸ್‌ವಿಜಿಗೆಂದು ಒಂದು ಸಾಲು ಸೇರಿಸಿದ ಕ್ಷಣ ಡೀಫಾಲ್ಟ್ ಹೋಗುತ್ತದೆ. ಜಾವಾಸ್ಕ್ರಿಪ್ಟ್ ಫೈಲುಗಳಿಗೆ ಬೇಬೆಲ್-ಜೆಸ್ಟ್ ಎಂಬ ಸಾಲನ್ನೂ ನೀವೇ ಬರೆಯಬೇಕು.

‘ರಿಯಾಕ್ಟ್ ಈಸ್ ನಾಟ್ ಡಿಫೈನ್ಡ್’ ಎಂದರೆ ಪ್ರೀಸೆಟ್-ರಿಯಾಕ್ಟ್‌ನ ‘ರನ್‌ಟೈಮ್’ ಆಯ್ಕೆಗೆ ‘ಆಟೋಮ್ಯಾಟಿಕ್’ ಕೊಡಿ. ಪ್ರತಿ ಫೈಲಿಗೂ ರಿಯಾಕ್ಟ್ ಇಂಪೋರ್ಟ್ ಅಂಟಿಸುತ್ತ ಕೂರಬೇಡಿ. ಟೈಪ್‌ಸ್ಕ್ರಿಪ್ಟ್ ಪರಿವರ್ತನೆಗೆ ಟಿಎಸ್-ಜೆಸ್ಟ್ ಬಳಸುವವರಿಗೆ ಜೆಎಸ್‌ಎಕ್ಸ್‌ನ ಮೊದಲ ‘<’ ಗುರುತಿನಲ್ಲೇ ದೋಷ ಬಂದರೆ ಟಿಎಸ್‌ಕಾನ್ಫಿಗ್‌ನಲ್ಲಿ ‘ಜೆಎಸ್‌ಎಕ್ಸ್’ ಬೆಲೆ ‘ಪ್ರಿಸರ್ವ್’ ಆಗಿರುತ್ತದೆ. ಟೆಸ್ಟ್‌ಗೆ ಪ್ರತ್ಯೇಕ ಟಿಎಸ್‌ಕಾನ್ಫಿಗ್ ಮಾಡಿ ಅಲ್ಲಿ ‘ರಿಯಾಕ್ಟ್-ಜೆಎಸ್‌ಎಕ್ಸ್’ ಎನ್ನಿ. ನೆಕ್ಸ್ಟ್ ಪ್ರಾಜೆಕ್ಟಾದರೆ ಅದರದ್ದೇ ‘ನೆಕ್ಸ್ಟ್/ಜೆಸ್ಟ್’ ಇದೆ, ಅದನ್ನೇ ಬಳಸಿ.

ಸ್ವಂತ ಟ್ರಾನ್ಸ್‌ಫಾರ್ಮರ್ ತಿದ್ದಿದ ಮೇಲೂ ಏನೂ ಬದಲಾಗಲಿಲ್ಲವೆಂದರೆ ‘--ಕ್ಲಿಯರ್‌ಕ್ಯಾಶ್’ ಒಮ್ಮೆ ಓಡಿಸಿ.

## ಹಂತ 6: ಇಂಪೋರ್ಟ್ ದಾರಿಗಳು

ಈಗ ಅಡ್ಡಹೆಸರಿನ ಪಥ ಮತ್ತು ಸಿಎಸ್‌ಎಸ್ ಇರುವ ಕಾಂಪೊನೆಂಟ್ ಒಂದನ್ನು ತಪಾಸಣೆ ಟೆಸ್ಟ್‌ಗೆ ತನ್ನಿ. ವೆಬ್‌ಪ್ಯಾಕ್‌ನ ‘ಅಲಿಯಾಸ್’ ಆಗಲಿ, ಟಿಎಸ್‌ಕಾನ್ಫಿಗ್‌ನ ‘ಪಾತ್ಸ್’ ಆಗಲಿ ಜೆಸ್ಟ್‌ಗೆ ಕಾಣುವುದಿಲ್ಲ. ಅದೇ ನಕ್ಷೆಯನ್ನು ‘ಮಾಡ್ಯೂಲ್ ನೇಮ್ ಮ್ಯಾಪರ್’ನಲ್ಲಿ ಇನ್ನೊಮ್ಮೆ ಬರೆಯಬೇಕು.

ಇಲ್ಲಿ ಎರಡು ಸಂದೇಶಗಳ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿಯಿತು. ‘ಕೆನಾಟ್ ಫೈಂಡ್ ಮಾಡ್ಯೂಲ್’ ಎಂದರೆ ನಿಮ್ಮ ಯಾವ ಮಾದರಿಯೂ ಆ ಇಂಪೋರ್ಟ್‌ಗೆ ಹೊಂದಲಿಲ್ಲ. ಎಡಬದಿಯ ರೆಜೆಕ್ಸ್ (ಮಾದರಿಯನ್ನು ಬರೆಯುವ ಸಂಕೇತ) ತಪ್ಪು. ‘ಕುಡ್ ನಾಟ್ ಲೊಕೇಟ್ ಮಾಡ್ಯೂಲ್ … ಮ್ಯಾಪ್ಡ್ ಆ್ಯಸ್’ ಎಂದರೆ ಮಾದರಿ ಹೊಂದಿತು, ಅದು ತೋರಿಸಿದ ಜಾಗದಲ್ಲಿ ಫೈಲಿಲ್ಲ. ಬಲಬದಿಯ ಪಥ ತಪ್ಪು. ನಿಮ್ಮ ಸ್ವಂತ ಫೈಲುಗಳನ್ನು ತೋರಿಸುವ ಬಲಬದಿಯನ್ನು ಯಾವಾಗಲೂ ‘<ರೂಟ್‌ಡಿರ್>’ನಿಂದ ಆರಂಭಿಸಿ.

ರೆಜೆಕ್ಸ್ ಬರೆಯುವಾಗ ಆರಂಭಕ್ಕೆ ‘^’, ಕೊನೆಗೆ ‘$’ ಹಾಕಿ, ನಡುವಿನ ಓರೆ ಗೆರೆ (/) ಮರೆಯಬೇಡಿ. ‘^@/(.*)$’ ಸರಿ. ಗೆರೆ ಬಿಟ್ಟು ‘^@(.*)$’ ಎಂದರೆ ‘@’ ಗುರುತಿನಿಂದ ಶುರುವಾಗುವ ಎಲ್ಲ ಪ್ಯಾಕೇಜುಗಳೂ ಅದರ ಬಲೆಗೆ ಬೀಳುತ್ತವೆ, ಟೆಸ್ಟಿಂಗ್ ಲೈಬ್ರರಿಯನ್ನು ಜೆಸ್ಟ್ ನಿಮ್ಮ ಸೋರ್ಸ್ ಫೋಲ್ಡರಿನಲ್ಲಿ ಹುಡುಕತೊಡಗುತ್ತದೆ.

ಸಾಲುಗಳ ಸರದಿಯೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಮೊದಲು ಹೊಂದಿದ ಮಾದರಿಯೇ ಗೆಲ್ಲುತ್ತದೆ. ‘@/ಸ್ಟೈಲ್ಸ್/ಬಟನ್.ಮಾಡ್ಯೂಲ್.ಸಿಎಸ್‌ಎಸ್’ ಎಂಬ ಇಂಪೋರ್ಟ್ ಇದೆ ಎನ್ನಿ. ಅಡ್ಡಹೆಸರಿನ ಸಾಲು ಮೇಲಿದ್ದರೆ ಜೆಸ್ಟ್ ನಿಜವಾದ ಸಿಎಸ್‌ಎಸ್ ಫೈಲನ್ನೇ ಎಳೆದು ತಂದು, ಅದನ್ನು ಜಾವಾಸ್ಕ್ರಿಪ್ಟ್ ಎಂದು ಓದಲು ಹೋಗಿ, ಮೊದಲ ಚುಕ್ಕಿಯಲ್ಲೇ ಮುಗ್ಗರಿಸುತ್ತದೆ. ಸಂದೇಶ ಮಾತ್ರ 5ನೆಯ ಹಂತದ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’! ಬೇಬೆಲ್‌ನಲ್ಲಿ ತಪ್ಪು ಹುಡುಕುತ್ತ ಒಂದು ಸಂಜೆ ಕಳೆಯಬಹುದು. ಸಿಎಸ್‌ಎಸ್ ಮತ್ತು ಚಿತ್ರಗಳ ಸಾಲುಗಳನ್ನು ಅಡ್ಡಹೆಸರಿನ ಸಾಲಿಗಿಂತ ಮೇಲಿಡಿ. ಸಿಎಸ್‌ಎಸ್ ಮಾಡ್ಯೂಲ್‌ಗಳಿಗೆ ‘ಐಡೆಂಟಿಟಿ-ಆಬ್ಜ್-ಪ್ರಾಕ್ಸಿ’ ಚೆನ್ನಾಗಿ ಒದಗುತ್ತದೆ: ಕ್ಲಾಸಿನ ಹೆಸರು ಕೇಳಿದರೆ ಅದೇ ಹೆಸರನ್ನು ಕೊಡುತ್ತದೆ. ಚಿತ್ರಗಳಿಗೆ ಒಂದು ಸ್ಟ್ರಿಂಗ್ ಎಕ್ಸ್‌ಪೋರ್ಟ್ ಮಾಡುವ ಪುಟ್ಟ ಫೈಲು ಸಾಕು.

## ಹಂತ 7: ಹೊರಗಿನ ಪ್ಯಾಕೇಜುಗಳ ಪರಿವರ್ತನೆ

ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವುದು ಈ ಹಂತ. ಎರರ್‌ನಲ್ಲಿರುವ ಪಥ ನೋಡ್ ಮಾಡ್ಯೂಲ್ಸ್‌ನೊಳಗಿನದು, ಟೋಕನ್ ‘ಎಕ್ಸ್‌ಪೋರ್ಟ್’ ಅಥವಾ ‘ಇಂಪೋರ್ಟ್’. ಆ ಪ್ಯಾಕೇಜ್ ಹೊಸ ಮಾಡ್ಯೂಲ್ ಶೈಲಿಯಲ್ಲಿ (ಇಎಸ್ ಮಾಡ್ಯೂಲ್) ಬಂದಿದೆ. ಜೆಸ್ಟ್ ಡೀಫಾಲ್ಟ್ ಆಗಿ ನೋಡ್ ಮಾಡ್ಯೂಲ್ಸ್‌ನೊಳಗಿನ ಯಾವುದನ್ನೂ ಪರಿವರ್ತಿಸುವುದಿಲ್ಲ.

ಮೊದಲ ಪ್ರಶ್ನೆ: ಪರಿವರ್ತನೆ ನಿಜಕ್ಕೂ ಬೇಕೇ? ‘ಲೋಡ್ಯಾಶ್-ಇಎಸ್’ ಆದರೆ ಅದನ್ನು ಮ್ಯಾಪರ್‌ನಲ್ಲಿ ‘ಲೋಡ್ಯಾಶ್’ಗೆ ತಿರುಗಿಸಿದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಜೆಸ್ಟ್ 28ಕ್ಕೆ ಏರಿದ ಮೇಲೆ ‘ಯುಯುಐಡಿ’ ಅಥವಾ ‘ನ್ಯಾನೋಐಡಿ’ ಹೀಗೆ ಕೂಗತೊಡಗಿದರೆ ಕಾರಣ ಬೇರೆ. ಆ ಆವೃತ್ತಿಯಿಂದ ಜೆಸ್ಟ್ ಪ್ಯಾಕೇಜುಗಳ ‘ಎಕ್ಸ್‌ಪೋರ್ಟ್ಸ್’ ಕೀಲಿಯನ್ನು ಓದುತ್ತದೆ, ಜೆಎಸ್‌ಡಾಮ್ ಇದ್ದಾಗ ಅದರಲ್ಲಿ ‘ಬ್ರೌಸರ್’ ದಾರಿಯನ್ನು ಹಿಡಿಯುತ್ತದೆ, ಆ ದಾರಿಯಲ್ಲಿ ಸಿಗುವುದು ಹೊಸ ಶೈಲಿಯ ಕೋಡು. ಆ ಪ್ಯಾಕೇಜಿನ ಈಚಿನ ಆವೃತ್ತಿಗೆ ಏರಿಸಿ ನೋಡಿ. ಆಗದಿದ್ದರೆ ‘ಟೆಸ್ಟ್ ಎನ್ವಿರಾನ್ಮೆಂಟ್ ಆಪ್ಷನ್ಸ್’ನೊಳಗೆ ‘ಕಸ್ಟಮ್ ಎಕ್ಸ್‌ಪೋರ್ಟ್ ಕಂಡಿಷನ್ಸ್’ಗೆ ಒಂದು ಖಾಲಿ ಸ್ಟ್ರಿಂಗ್ ಇರುವ ಅರೇ ಕೊಟ್ಟರೆ ಬ್ರೌಸರ್ ದಾರಿ ಮುಚ್ಚುತ್ತದೆ. ಇದು ಎಲ್ಲ ಪ್ಯಾಕೇಜುಗಳಿಗೂ ಅನ್ವಯವಾಗುತ್ತದೆ ಎಂಬುದು ನೆನಪಿರಲಿ.

ಪರಿವರ್ತನೆ ಬೇಕೇ ಬೇಕು ಎಂದಾದರೆ ‘ಟ್ರಾನ್ಸ್‌ಫಾರ್ಮ್ ಇಗ್ನೋರ್ ಪ್ಯಾಟರ್ನ್ಸ್’. ಹೆಸರಿನಲ್ಲೇ ಇರುವಂತೆ ಇದು ಬಿಟ್ಟುಬಿಡಬೇಕಾದವುಗಳ ಪಟ್ಟಿ, ಮತ್ತು ಪಟ್ಟಿಯ ಯಾವುದಾದರೂ ಒಂದು ಮಾದರಿ ಹೊಂದಿದರೂ ಫೈಲು ಪರಿವರ್ತನೆಯಾಗುವುದಿಲ್ಲ. ಡೀಫಾಲ್ಟ್ ಸಾಲನ್ನು ಉಳಿಸಿಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದರೆ ಏನೂ ಆಗದಿರುವುದು ಇದಕ್ಕೇ. ಇರಬೇಕಾದದ್ದು ಒಂದೇ ಸಾಲು: ‘/ನೋಡ್_ಮಾಡ್ಯೂಲ್ಸ್/(?!(ಮೊದಲನೆಯದು|ಎರಡನೆಯದು)/)’. ಅಂದರೆ ನೋಡ್ ಮಾಡ್ಯೂಲ್ಸ್ ಪೂರ್ತಿ ಬಿಡು, ಈ ಎರಡು ಹೆಸರಿನವನ್ನು ಹೊರತುಪಡಿಸಿ.

ಹೆಸರು ಸೇರಿಸಿದ ಕೂಡಲೇ ಬೇರೊಂದು ಪ್ಯಾಕೇಜಿನ ಹೆಸರಿನಲ್ಲಿ ಅದೇ ಎರರ್ ಬರಬಹುದು. ಅದು ಮುನ್ನಡೆ. ಚಾರ್ಟ್ ಬಿಡಿಸುವ ಡಿ3 ಲೈಬ್ರರಿಯ 7ನೆಯ ಆವೃತ್ತಿ ಒಳ್ಳೆಯ ಉದಾಹರಣೆ. ‘ಡಿ3’ ಮತ್ತು ‘ಡಿ3-’ ಎಂದು ಶುರುವಾಗುವ ಎಲ್ಲವನ್ನೂ ಸೇರಿಸಿದ ಮೇಲೂ ಅದು ‘ಇಂಟರ್ನ್‌ಮ್ಯಾಪ್’ನಲ್ಲಿ ನಿಲ್ಲುತ್ತದೆ, ಆಮೇಲೆ ‘ಡೆಲೌನೇಟರ್’, ಆಮೇಲೆ ‘ರೋಬಸ್ಟ್-ಪ್ರೆಡಿಕೇಟ್ಸ್’. ಮೂರರ ಹೆಸರಿನಲ್ಲೂ ಡಿ3 ಇಲ್ಲ, ಮೂರೂ ಅದರ ಅವಲಂಬನೆಗಳೇ. ರಿಯಾಕ್ಟ್-ಮಾರ್ಕ್‌ಡೌನ್ ಆದರೆ ಈ ಸರಪಳಿ ಇನ್ನೂ ಉದ್ದ. ಅಲ್ಲಿ ಆ ಲೈಬ್ರರಿಯನ್ನೇ ಮಾಕ್ ಮಾಡುವುದು (ಅದರ ಜಾಗದಲ್ಲಿ ನಕಲಿಯೊಂದನ್ನು ಇಡುವುದು) ಜಾಣತನ, ಏಕೆಂದರೆ ಮಾರ್ಕ್‌ಡೌನ್ ಸರಿಯಾಗಿ ಮೂಡುತ್ತದೆಯೇ ಎಂದು ಪರೀಕ್ಷಿಸುವುದು ನಿಮ್ಮ ಕೆಲಸವಲ್ಲ.

ಮಾದರಿ ಸರಿಯಿದ್ದೂ ಎರರ್ ಒಂದಿಷ್ಟೂ ಬದಲಾಗದಿದ್ದರೆ ಮೂರು ಕಡೆ ನೋಡಿ.

1. ಬೇಬೆಲ್ ಕಾನ್ಫಿಗ್ ‘.ಬೇಬೆಲ್‌ಆರ್‌ಸಿ’ ಎಂಬ ಫೈಲಿನಲ್ಲಿದೆಯೇ? ಅದು ತಾನಿರುವ ಪ್ಯಾಕೇಜಿಗಷ್ಟೇ ಸೀಮಿತ, ನೋಡ್ ಮಾಡ್ಯೂಲ್ಸ್‌ನೊಳಗಿನ ಫೈಲುಗಳಿಗೆ ಅನ್ವಯಿಸುವುದೇ ಇಲ್ಲ. ಅದೇ ವಿಷಯವನ್ನು ‘ಬೇಬೆಲ್.ಕಾನ್ಫಿಗ್.ಜೆಎಸ್’ಗೆ ಸ್ಥಳಾಂತರಿಸಿ. ಈ ಒಂದು ಅಂಶ ಎಷ್ಟೋ ಉತ್ತರಗಳಲ್ಲಿ ಬಿಟ್ಟುಹೋಗಿರುತ್ತದೆ, ಅದಕ್ಕೇ ಅವು ಕೆಲವರಿಗೆ ಫಲ ಕೊಟ್ಟು ಕೆಲವರಿಗೆ ಕೊಡುವುದಿಲ್ಲ.

2. ಎನ್‌ಪಿಎಂ ಬದಲಿಗೆ ಪಿಎನ್‌ಪಿಎಂ ಬಳಸುತ್ತಿದ್ದೀರಾ? ಅಲ್ಲಿ ನಿಜವಾದ ಪಥದಲ್ಲಿ ನೋಡ್ ಮಾಡ್ಯೂಲ್ಸ್ ಎರಡು ಸಲ ಬರುತ್ತದೆ, ಮೊದಲನೆಯದರ ಮುಂದೆ ‘.ಪಿಎನ್‌ಪಿಎಂ’ ಫೋಲ್ಡರ್. ಮೇಲಿನ ಮಾದರಿ ಆ ಮೊದಲನೆಯದಕ್ಕೇ ಹೊಂದಿಬಿಡುತ್ತದೆ. ಹೊರತುಪಡಿಸುವ ಪಟ್ಟಿಗೆ ‘.ಪಿಎನ್‌ಪಿಎಂ’ ಹೆಸರನ್ನೂ ಸೇರಿಸಬೇಕು.

3. ಟಿಎಸ್-ಜೆಸ್ಟ್ ಒಂದೇ ಇದೆಯೇ? ಅದರ ಮಾಮೂಲಿ ಪ್ರೀಸೆಟ್ ಟೈಪ್‌ಸ್ಕ್ರಿಪ್ಟ್ ಫೈಲುಗಳನ್ನಷ್ಟೇ ಮುಟ್ಟುತ್ತದೆ. ಜಾವಾಸ್ಕ್ರಿಪ್ಟ್ ಫೈಲುಗಳಿಗೆ ಬೇಬೆಲ್-ಜೆಸ್ಟ್ ಸಾಲು ಸೇರಿಸಿ.

ಪಟ್ಟಿಯನ್ನು ಖಾಲಿ ಬಿಟ್ಟು ಎಲ್ಲವನ್ನೂ ಪರಿವರ್ತಿಸುವ ಸುಲಭದ ದಾರಿಯೊಂದಿದೆ. ಎರರ್ ಹೋಗುತ್ತದೆ, ಮೊದಲ ಓಟ ಆಮೆಯಾಗುತ್ತದೆ. ದೋಷ ಈ ಹಂತದ್ದೇ ಹೌದೇ ಎಂದು ಒಮ್ಮೆ ಖಾತ್ರಿ ಮಾಡಿಕೊಳ್ಳಲು ಬಳಸಿ, ಉಳಿಸಿಕೊಳ್ಳಬೇಡಿ.

## ಹಂತ 8: ಸೆಟಪ್ ಫೈಲು ಮತ್ತು ಜೆಎಸ್‌ಡಾಮ್‌ನಲ್ಲಿ ಇಲ್ಲದವು

‘ಟು ಬಿ ಇನ್ ದ ಡಾಕ್ಯುಮೆಂಟ್ ಈಸ್ ನಾಟ್ ಎ ಫಂಕ್ಷನ್’ ಎಂದರೆ, ಪುಟದ ಅಂಶಗಳನ್ನು ಪರೀಕ್ಷಿಸುವ ಇಂಥ ಫಂಕ್ಷನ್‌ಗಳನ್ನು ‘ಎಕ್ಸ್‌ಪೆಕ್ಟ್’ಗೆ ಸೇರಿಸುವ ಜೆಸ್ಟ್-ಡಾಮ್ ಲೋಡ್ ಆಗಿಲ್ಲ. ‘ಸೆಟಪ್ ಫೈಲ್ಸ್’ ಓಡುವುದು ಟೆಸ್ಟ್ ಚೌಕಟ್ಟು ಸಿದ್ಧವಾಗುವ ಮೊದಲು, ಆಗ ‘ಎಕ್ಸ್‌ಪೆಕ್ಟ್’ ಇನ್ನೂ ಇರುವುದಿಲ್ಲ. ಜೆಸ್ಟ್-ಡಾಮ್ ಇಂಪೋರ್ಟ್ ಇರಬೇಕಾದದ್ದು ‘ಸೆಟಪ್ ಫೈಲ್ಸ್ ಆಫ್ಟರ್ ಎನ್ವ್’ ತೋರಿಸುವ ಫೈಲಿನಲ್ಲಿ. ಕೊನೆಯಲ್ಲಿ ‘/ಎಕ್ಸ್‌ಟೆಂಡ್-ಎಕ್ಸ್‌ಪೆಕ್ಟ್’ ಎಂದು ಬರೆಯುವ ಹಳೆಯ ರೀತಿ ಅದರ 6ನೆಯ ಆವೃತ್ತಿಯಿಂದ ನಡೆಯುವುದಿಲ್ಲ. ಪ್ಯಾಕೇಜಿನ ಹೆಸರಷ್ಟೇ ಸಾಕು. ಹಾಗೆಯೇ ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿ 16ರಿಂದ ‘@ಟೆಸ್ಟಿಂಗ್-ಲೈಬ್ರರಿ/ಡಾಮ್’ ಅನ್ನು ನೀವೇ ಇನ್‌ಸ್ಟಾಲ್ ಮಾಡಿಕೊಳ್ಳಬೇಕು.

ಜೆಎಸ್‌ಡಾಮ್ ಪೂರ್ತಿ ಬ್ರೌಸರ್ ಅಲ್ಲ. ‘ಮ್ಯಾಚ್‌ಮೀಡಿಯಾ’, ‘ರಿಸೈಜ್‌ಅಬ್ಸರ್ವರ್’, ‘ಇಂಟರ್‌ಸೆಕ್ಷನ್‌ಅಬ್ಸರ್ವರ್’ ಅದರಲ್ಲಿ ಇಲ್ಲ. ನೋಡ್ 18ರಲ್ಲಿ ‘ಫೆಚ್’ ಇದ್ದರೂ ಜೆಎಸ್‌ಡಾಮ್ ಎನ್ವಿರಾನ್ಮೆಂಟಿನೊಳಗೆ ಅದು ಕಾಣಿಸುವುದಿಲ್ಲ. ‘ಟೆಕ್ಸ್ಟ್‌ಎನ್‌ಕೋಡರ್’ ಇಲ್ಲ ಎಂಬ ದೂರೂ ಇದೇ ಜಾತಿಯದು. ಬೇಕಾದವನ್ನು ಸೆಟಪ್ ಫೈಲಿನಲ್ಲಿ ನೀವೇ ಒದಗಿಸಬೇಕು. ಲೇಔಟ್ ಲೆಕ್ಕವೂ ಅಲ್ಲಿಲ್ಲ, ಅಂಶಗಳ ಅಗಲ ಎತ್ತರ ಕೇಳಿದರೆ ಎಲ್ಲಕ್ಕೂ 0. ಅಳತೆಯನ್ನು ನಂಬಿದ ಟೆಸ್ಟ್ ಇದ್ದರೆ ಕಾನ್ಫಿಗ್ ಬದಲಿಸುತ್ತ ಕೂರಬೇಡಿ. ಅದರ ಜಾಗ ಪ್ಲೇರೈಟ್‌ನಂಥ ನಿಜವಾದ ಬ್ರೌಸರ್ ಪರೀಕ್ಷೆಯಲ್ಲಿ.

ಎಚ್ಚರಿಕೆಯ ಚಿಹ್ನೆ: ‘ಮ್ಯಾಚ್‌ಮೀಡಿಯಾ’ ಒದಗಿಸಿದ ಮೇಲೂ ಅದು ‘ಅನ್‌ಡಿಫೈನ್ಡ್’ ಕೊಡುತ್ತಿದೆ ಎಂದರೆ ಕಾನ್ಫಿಗ್‌ನಲ್ಲಿ ‘ರಿಸೆಟ್ ಮಾಕ್ಸ್’ ಆನ್ ಆಗಿದೆಯೇ ನೋಡಿ. ನೀವು ಅದನ್ನು ‘ಜೆಸ್ಟ್.ಎಫ್‌ಎನ್’ ಬಳಸಿ ಬರೆದಿದ್ದರೆ ಪ್ರತಿ ಟೆಸ್ಟಿನ ಮುಂಚೆ ಅದರ ಒಳಗಿನ ನಡೆ ಅಳಿಸಿಹೋಗುತ್ತದೆ. ಸಾದಾ ಫಂಕ್ಷನ್ ಬರೆಯಿರಿ.

## ಹಂತ 9: ಇಲ್ಲಿ ಸರಿ, ಸಿಐನಲ್ಲಿ ಮಾತ್ರ ತಪ್ಪು

ಸಿಐನಲ್ಲಷ್ಟೇ ‘ಕೆನಾಟ್ ಫೈಂಡ್ ಮಾಡ್ಯೂಲ್’ ಬಂದರೆ ಮೊದಲು ದೊಡ್ಡಕ್ಷರ ಸಣ್ಣಕ್ಷರ ನೋಡಿ. ಮ್ಯಾಕ್ ಮತ್ತು ವಿಂಡೋಸ್ ಸಾಮಾನ್ಯವಾಗಿ ಈ ಭೇದ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಫೈಲಿನ ಹೆಸರಲ್ಲಿ ಒಂದು ಅಕ್ಷರ ಬದಲಿಸಿದ್ದನ್ನು ಗಿಟ್ ಗಮನಿಸದೆಯೂ ಇರಬಹುದು. ‘ಗಿಟ್ ಎಂವಿ’ ಬಳಸಿ ಹೆಸರು ಬದಲಿಸಿ.

ಸಿಐನಲ್ಲಿ ‘ನೋಡ್_ಎನ್ವ್’ ಅನ್ನು ಯಾರೋ ‘ಪ್ರೊಡಕ್ಷನ್’ ಎಂದು ಇಟ್ಟಿದ್ದರೆ ಎರಡು ಕಡೆ ಪೆಟ್ಟು. ಎನ್‌ಪಿಎಂ ಡೆವ್ ಡಿಪೆಂಡೆನ್ಸಿಗಳನ್ನು ಇನ್‌ಸ್ಟಾಲ್ ಮಾಡುವುದಿಲ್ಲ. ಬೇಬೆಲ್‌ನ ‘ಟೆಸ್ಟ್’ ವಿಭಾಗವೂ ಜಾರಿಗೆ ಬರುವುದಿಲ್ಲ.

ದಿನಾಂಕದ ಟೆಸ್ಟ್‌ಗಳು ನಮ್ಮ ಕಡೆಯವರನ್ನು ವಿಶೇಷವಾಗಿ ಕಾಡುತ್ತವೆ. ಬೆಂಗಳೂರಿನ ಲ್ಯಾಪ್‌ಟಾಪ್‌ನಲ್ಲಿ 2024ರ ಜನವರಿ 15ರ ಮಧ್ಯರಾತ್ರಿಯನ್ನು ಸ್ಥಳೀಯ ಸಮಯವಾಗಿ ಸೃಷ್ಟಿಸಿ ಐಎಸ್‌ಒ ಸ್ಟ್ರಿಂಗ್ ಕೇಳಿದರೆ ಸಿಗುವುದು 14ನೆಯ ತಾರೀಖಿನ 18:30. ಯುಟಿಸಿಯಲ್ಲಿ ಓಡುವ ಸರ್ವರಿನಲ್ಲಿ ಅದೇ ಸಾಲಿಗೆ 15ನೆಯ ತಾರೀಖು. ‘ಗ್ಲೋಬಲ್ ಸೆಟಪ್’ ಫೈಲಿನಲ್ಲಿ ‘ಟಿಝಡ್’ ಪರಿಸರ ಚಲಕಕ್ಕೆ ‘ಯುಟಿಸಿ’ ಕೊಟ್ಟರೆ ಎರಡೂ ಕಡೆ ಒಂದೇ ಉತ್ತರ ಬರುತ್ತದೆ. ಸಿಐ ಮುಗಿಯದೆ ನೇತಾಡುತ್ತಿದ್ದರೆ ಸ್ಕ್ರಿಪ್ಟಿನಲ್ಲಿ ‘--ವಾಚ್’ ಉಳಿದಿದೆಯೇ ನೋಡಿ, ನಂತರ ‘--ಡಿಟೆಕ್ಟ್‌ಓಪನ್‌ಹ್ಯಾಂಡಲ್ಸ್’ ಕೊಡಿ.

## ಹಂತ 10: ಕಸ ಗುಡಿಸುವುದು

ತಪಾಸಣೆ ಟೆಸ್ಟ್ ಹಸಿರಾದ ಮೇಲೆ ಪೂರ್ತಿ ಟೆಸ್ಟ್‌ಗಳನ್ನು ಓಡಿಸಿ. ಇನ್ನೂ ಸೋಲುವವುಗಳಲ್ಲಿ ‘ಸ್ಯೂಟ್ ಫೇಲ್ಡ್ ಟು ರನ್’ ಇರುವವನ್ನು ಮಾತ್ರ ಮತ್ತೆ ಈ ಹಂತಗಳಿಗೆ ತನ್ನಿ. ಉಳಿದವು ನಿಜವಾದ ಟೆಸ್ಟ್ ಸೋಲುಗಳು, ಅವುಗಳ ದಾರಿ ಬೇರೆ.

ಆಮೇಲೆ ‘ಗಿಟ್ ಡಿಫ್’ ತೆರೆದು ಕಾನ್ಫಿಗ್‌ಗೆ ಸೇರಿಸಿದ ಸಾಲುಗಳನ್ನು ಒಂದೊಂದಾಗಿ ತೆಗೆದು ಓಡಿಸಿ. ತೆಗೆದರೂ ಏನೂ ಮುರಿಯದ ಸಾಲು ಅಲ್ಲಿ ಇರಬೇಕಾಗಿಲ್ಲ. ಉಳಿಯುವ ಸಾಲಿನ ಪಕ್ಕದಲ್ಲಿ ಅದು ಯಾವ ಪ್ಯಾಕೇಜಿಗಾಗಿ, ಯಾವ ಎರರ್‌ಗಾಗಿ ಬಂತು ಎಂದು ಒಂದು ಕಾಮೆಂಟ್ ಬರೆಯಿರಿ. ತಪಾಸಣೆ ಟೆಸ್ಟ್ ಫೈಲನ್ನು ಅಳಿಸಬೇಡಿ. ಮುಂದೆ ಜೆಸ್ಟ್‌ನ ಆವೃತ್ತಿ ಏರಿಸುವ ದಿನ ಮೊದಲು ಓಡಿಸಬೇಕಾದದ್ದು ಅದನ್ನೇ.